ಅವನು ಪುಣೆಗೆ ಬಂದರೆ ಎಲ್ಲ ಸರಿಹೋಗುತ್ತಾ?

ಪ್ರಶ್ನೆ: ಮೇಡಂ, ನಮ್ಮ ಊರು ಧಾರವಾಡ. ನಾನು ಪುಣೆ ಹತ್ತಿರ ಖಡಕ್ವಾಸ್ಲಾದ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯಲ್ಲಿ (ಎನ್‌ಡಿಎ) ಆರ್ಮಿ ಕೆಡೆಟ್. ಎರಡು ಟರ್ಮ್, ಅಂದರೆ ಒಂದು ವರ್ಷ ಮುಗಿಸಿ ಈಗ ಜೂನ್ ರಜೆಗೆ ಮನೆಗೆ ಬಂದಿದ್ದೇನೆ. ವಯಸ್ಸು 19. ಪಿಯುಸಿ ಓದುವಾಗಿನಿಂದ ಒಬ್ಬ ಹುಡುಗನನ್ನು ಪ್ರೀತಿಸುತ್ತಿದ್ದೇನೆ. ಅವನಿಗೆ 20, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಮೊದಲು ದಿನಾ ಗಂಟೆಗಟ್ಟಲೆ ಮಾತಾಡುತ್ತಿದ್ದೆವು. ಈಗ ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಸಿಕ್ಕರೆ ಪುಣ್ಯ. ಅಷ್ಟರಲ್ಲೇ ಮನೆಗೂ ಮಾಡಬೇಕು. ಅವನಿಗೆ ಫೋನ್ ಮಾಡಿದ ಕೂಡಲೇ ಜಗಳ. "ನೀನು ಬದಲಾಗಿದ್ದೀಯ, ಅಲ್ಲಿ ಯಾರೋ ಸಿಕ್ಕಿರಬೇಕು" ಎನ್ನುತ್ತಾನೆ. ಅವನಿಗೆ ಆರು ತಿಂಗಳ ಇಂಟರ್ನ್‌ಶಿಪ್‌ಗೆ ಎರಡು ಕಡೆಯಿಂದ ಕರೆ ಬಂದಿದೆ. ಬೆಂಗಳೂರಿನದು ಚೆನ್ನಾಗಿದೆ. ಪುಣೆಯ ಹಿಂಜವಡಿಯದು ಅಷ್ಟಕ್ಕಷ್ಟೆ. ಆದರೂ ನನಗೋಸ್ಕರ ಪುಣೆಗೇ ಬರುತ್ತೇನೆ, ಪ್ರತಿ ಭಾನುವಾರ ಸಿಗೋಣ ಅಂತ ಹಟ ಹಿಡಿದಿದ್ದಾನೆ. ಗುಟ್ಟಾಗಿ ರಿಜಿಸ್ಟರ್ ಮದುವೆ ಮಾಡಿಕೊಂಡರೆ ಯಾರೂ ನಮ್ಮನ್ನು ಬೇರೆ ಮಾಡಲ್ಲ ಅಂತಲೂ ಹೇಳುತ್ತಾನೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವನನ್ನು ಬಿಡಲು ಮನಸ್ಸಿಲ್ಲ, ಅಕಾಡೆಮಿಯನ್ನಂತೂ ಬಿಡಲ್ಲ. ಏನು ಮಾಡಲಿ?

ಉತ್ತರ: ನೀನು ನನ್ನ ಮಗಳಿಗಿಂತ ಚಿಕ್ಕವಳು, ಹಾಗಾಗಿ ಬಹುವಚನ ಬಿಟ್ಟೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮದುವೆ ವಿಷಯ ಬೇಗ ಮುಗಿಯುವಂಥದ್ದು. ಅದನ್ನೇ ಮೊದಲು ಮುಗಿಸಿಬಿಡೋಣ.

ಆಗಲ್ಲ. ಎನ್‌ಡಿಎ ಪರೀಕ್ಷೆಗೆ ಯುಪಿಎಸ್‌ಸಿ ಹೊರಡಿಸುವ ಅಧಿಸೂಚನೆಯಲ್ಲೇ ಇದು ಸ್ಪಷ್ಟವಾಗಿದೆ. ತರಬೇತಿ ಪೂರ್ತಿ ಮುಗಿಯುವವರೆಗೆ ಮದುವೆಯಾಗುವಂತಿಲ್ಲ. ಮದುವೆಯಾದರೆ ಅಕಾಡೆಮಿಯಿಂದ ಹೊರಗೆ ಹಾಕುತ್ತಾರೆ, ಸರ್ಕಾರ ನಿನ್ನ ಮೇಲೆ ಮಾಡಿದ ಖರ್ಚನ್ನೂ ವಾಪಸ್ ಕಟ್ಟಬೇಕಾಗುತ್ತದೆ. ಪೂರ್ತಿ ಎಂದರೆ ಖಡಕ್ವಾಸ್ಲಾದ ಮೂರು ವರ್ಷ ಮಾತ್ರ ಅಲ್ಲ, ಆಮೇಲೆ ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯ ಒಂದು ವರ್ಷವೂ ಸೇರಿ. ಇನ್ನು ನಿನ್ನ ಹುಡುಗನಿಗೆ 20. ಗಂಡಿಗೆ ಮದುವೆಯ ವಯಸ್ಸು 21. ರಿಜಿಸ್ಟ್ರಾರ್ ಆಫೀಸಿನ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ ಮಹಾರಾಯನನ್ನು! ಎಂಜಿನಿಯರಿಂಗ್ ಹುಡುಗ ಇಷ್ಟಾದರೂ ಗೂಗಲ್ ಮಾಡಬೇಕಿತ್ತು.

ಇನ್ನು ಪುಣೆ. ನನ್ನನ್ನು ಕೇಳಿದರೆ ಅವನು ಬೆಂಗಳೂರಿಗೆ ಹೋಗಲಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಾನು ಆಪ್ತಸಮಾಲೋಚನೆ ಮಾಡುವುದು ಪುಣೆಯಲ್ಲೇ. "ಹತ್ತಿರ ಬಂದರೆ ಎಲ್ಲ ಸರಿಯಾಗುತ್ತೆ" ಎಂದು ನಂಬಿ ಈ ಊರಿಗೆ ಬಂದ ಹುಡುಗ ಹುಡುಗಿಯರು ನನ್ನ ಮುಂದಿನ ಕುರ್ಚಿಯಲ್ಲಿ ಕೂತು ಅತ್ತದ್ದನ್ನು ನೋಡಿದ್ದೇನೆ.

ಹಿಂಜವಡಿಯಿಂದ ಹೈವೇ ಹಿಡಿದು ಚಾಂದನಿ ಚೌಕ, ವಾರ್ಜೆ, ಆಮೇಲೆ ಒಳಕ್ಕೆ ತಿರುಗಿ ಶಿವಣೆ, ಉತ್ತಮನಗರ. ಭಾನುವಾರ ಬೆಳಗ್ಗೆ ಬೈಕಿನಲ್ಲಿ ಹೊರಟರೆ ದೂರ ಅನಿಸಲ್ಲ. ಆದರೆ ಆ ರಸ್ತೆ ಗೇಟಿನ ಹತ್ತಿರ ನಿಲ್ಲುತ್ತದೆ. ಗೇಟಿನ ಒಳಗೆ ನಿನ್ನ ವಾರ ಹೇಗಿರುತ್ತದೆ ಎಂದು ನಿನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಲಿಬರ್ಟಿ, ಅಂದರೆ ಹೊರಗೆ ಹೋಗುವ ಅನುಮತಿ ಸಿಗುವುದು ನಿನ್ನ ಹಕ್ಕಲ್ಲ. ಬೆಲ್ಟಿನ ಬಕಲ್ ಹೊಳೆಯಲಿಲ್ಲ, ಸಾಲಾಗಿ ನಿಲ್ಲುವ ಫಾಲಿನ್‌ಗೆ ಅರ್ಧ ನಿಮಿಷ ತಡವಾಯಿತು, ಸೈಕಲ್ ಸರಿಯಾಗಿ ಇಟ್ಟಿರಲಿಲ್ಲ. ಅಷ್ಟು ಸಾಕು, ರೆಸ್ಟ್ರಿಕ್ಷನ್ ಎಂಬ ಶಿಕ್ಷೆ ಬೀಳುತ್ತದೆ. ಭಾನುವಾರ ಹೋಯಿತು. ಶನಿವಾರ ರಾತ್ರಿ ಅದು ಗೊತ್ತಾದರೆ ಅವನಿಗೆ ತಿಳಿಸುವುದು ಹೇಗೆ? ಅವನು ಪುಣೆ ಪೇಟೆಯ ಡೆಕ್ಕನ್‌ನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿರುತ್ತಾನೆ, ನೀನು ಬೆನ್ನಿಗೆ ಪ್ಯಾಕ್ ಕಟ್ಟಿಕೊಂಡು ಶಿಕ್ಷೆಗೆಂದು ಸಿಂಹಗಡ ಹತ್ತುತ್ತಿರುತ್ತೀಯ. ಇದು ನಾನು ಕಟ್ಟಿದ ಕತೆಯಲ್ಲ, ಎನ್‌ಡಿಎಯಲ್ಲಿ ಓದಿದ ಯಾರನ್ನಾದರೂ ಸಿಂಹಗಡದ ಬಗ್ಗೆ ಕೇಳಿ ನೋಡು. ಪುಣೆಯವರು ಕಾಂದಾ ಭಜಿ, ಪಿಠಲ-ಭಾಕರಿ ತಿನ್ನಲು ಹೋಗುವ ಕೋಟೆ ಅದು. ಕೆಡೆಟ್‌ಗಳಿಗೆ ಅದರ ನೆನಪೇ ಬೇರೆ.

ಸರಿ, ಲಿಬರ್ಟಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ವಾಪಸಾಗುವ ಹೊತ್ತು ಗಟ್ಟಿ, ಒಂದು ನಿಮಿಷ ಆಚೀಚೆ ಆಗುವಂತಿಲ್ಲ. ಸಿಕ್ಕ ಕೆಲವೇ ಗಂಟೆಯಲ್ಲಿ ಕೋರ್ಸ್‌ಮೇಟ್‌ಗಳ ಜೊತೆ ಸಾಮಾನು ತರಬೇಕು, ಏನಾದರೂ ರುಚಿಯಾಗಿ ತಿನ್ನಬೇಕು, ಅಮ್ಮನ ಜೊತೆ ಮಾತಾಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ನಿನಗೆ ನಿದ್ದೆ ಬೇಕು. ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗ ಹೇಳಿದ್ದು ಇನ್ನೂ ನೆನಪಿದೆ. ಫರ್ಗ್ಯುಸನ್ ಕಾಲೇಜ್ ರಸ್ತೆಯ ಒಂದು ಹೋಟೆಲ್. ಭಾನುವಾರದ ನೂಕುನುಗ್ಗಲಿನಲ್ಲಿ ಮುಕ್ಕಾಲು ಗಂಟೆ ಕಾದು ಟೇಬಲ್ ಹಿಡಿದಿದ್ದಾರೆ. ಮಸಾಲೆ ದೋಸೆ ಬಂತು. ಇವನು ಹೇಳಬೇಕೆಂದು ಹದಿನೈದು ದಿನದಿಂದ ಇಟ್ಟುಕೊಂಡಿದ್ದ ಮಾತು ಶುರು ಮಾಡಿದ. ತಲೆ ಎತ್ತಿ ನೋಡಿದರೆ ಎದುರಿಗೆ ಅವನ ಹುಡುಗಿ ಕೈಯಲ್ಲಿ ದೋಸೆಯ ತುಂಡು ಹಿಡಿದುಕೊಂಡೇ ತೂಕಡಿಸುತ್ತಿದ್ದಾಳೆ. ಚಟ್ನಿ ಮೊಣಕೈಗೆ ಇಳಿಯುತ್ತಿದೆ. ಅವನಿಗೆ ನಗು ಬರಲಿಲ್ಲ, ಸಿಟ್ಟು ಬಂತು. "ನಾನು ಇವಳಿಗೋಸ್ಕರ ಊರು ಬಿಟ್ಟು ಬಂದೆ ಮೇಡಂ" ಅಂದ.

ಆ ವಾಕ್ಯವೇ ನನಗೆ ಭಯ. ನಿನ್ನ ಹುಡುಗ ಒಳ್ಳೆಯ ಅವಕಾಶ ಬಿಟ್ಟು ಪುಣೆಗೆ ಬಂದರೆ ಪ್ರತಿ ಭಾನುವಾರ ನೀನು ಆ ಸಾಲ ತೀರಿಸಬೇಕಾಗುತ್ತದೆ. ಸಾಲಗಾರಳ ಹಾಗೆ ಯಾರನ್ನಾದರೂ ಎಷ್ಟು ದಿನ ಪ್ರೀತಿಸೋಕಾಗುತ್ತೆ? ಹಿಂಜವಡಿಯ ಕೆಲಸವೇ ಒಳ್ಳೆಯದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಅವನ ಓದಿಗೆ, ಅವನ ಮುಂದಿನ ದಾರಿಗೆ ಬೇಕಾಗಿ ಬಂದರೆ ಪುಣೆ ಚೆನ್ನಾದ ಊರು. ನಿನ್ನ ಗೇಟಿಗೋಸ್ಕರ ಬರುವುದಾದರೆ ಬೇಡ.

ಈಗ ನಿಮ್ಮಿಬ್ಬರ ನಡುವೆ ನಿಜವಾಗಿ ಏನಾಗಿದೆ ನೋಡೋಣ. ಧಾರವಾಡದಲ್ಲಿ ಇಬ್ಬರ ಹತ್ತಿರವೂ ಒಂದೇ ಅಳತೆಯ ಸಮಯ ಇತ್ತು. ಈಗ ನಿನ್ನ ದಿನದಲ್ಲಿ ಸಂದಿಯೇ ಇಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಪಿಟಿ, ಡ್ರಿಲ್, ಜೆಎನ್‌ಯು ಡಿಗ್ರಿಯ ಕ್ಲಾಸು, ಆಟ, ಸ್ಟಡಿ ಪೀರಿಯಡ್, ನಡುನಡುವೆ ಸೀನಿಯರ್‌ಗಳ ರಗಡಾ (ಮೈಮುರಿಯುವ ಶಿಕ್ಷೆ). ಅವನ ದಿನದಲ್ಲಿ ಕ್ಲಾಸ್ ಮುಗಿದ ಮೇಲೆ ಸಂಜೆ ನಾಲ್ಕರಿಂದ ರಾತ್ರಿ ಹನ್ನೆರಡರವರೆಗೆ ಖಾಲಿ. ಮೊದಲು ನೀನು ತುಂಬುತ್ತಿದ್ದ ಹೊತ್ತು ಅದು. ಆ ಖಾಲಿ ಹೊತ್ತಿನಲ್ಲಿ ಕೂತು ಅವನು ಯೋಚಿಸುತ್ತಾನೆ. ಸಾವಿರಕ್ಕೂ ಹೆಚ್ಚು ಹುಡುಗರ ನಡುವೆ ಕೈಬೆರಳೆಣಿಕೆಯ ಹುಡುಗಿಯರು ಎಂದು ಯೋಚಿಸುತ್ತಾನೆ. ವಾರವಿಡೀ ಯೋಚಿಸಿದ್ದನ್ನು ಭಾನುವಾರ ಹದಿನೈದು ನಿಮಿಷದಲ್ಲಿ ನಿನ್ನ ಮೇಲೆ ಸುರಿಯುತ್ತಾನೆ. ನೀನೋ, ಯಾರಾದರೂ ಎರಡು ಮೆತ್ತನೆ ಮಾತಾಡಲಿ ಎಂದು ಫೋನ್ ಹಿಡಿದಿರುತ್ತೀಯ.

ಹಾಗಾಗಿ ನಿಮಿಷ ಜಾಸ್ತಿ ಮಾಡಿದರೆ ಜಗಳ ನಿಲ್ಲಲ್ಲ. ಅವನ ಸಂಜೆ ತುಂಬಬೇಕು. ಬೆಂಗಳೂರಿನ ಒಳ್ಳೆಯ ಕೆಲಸ, ಹೊಸ ಗೆಳೆಯರು, ಸಂಜೆ ಸುಸ್ತಾಗಿ ರೂಮಿಗೆ ಬರುವ ಅಭ್ಯಾಸ ಇವೆಲ್ಲ ನಿಮ್ಮ ಸಂಬಂಧಕ್ಕೆ ಪುಣೆಯ ಭಾನುವಾರಗಳಿಗಿಂತ ಹೆಚ್ಚು ಒಳ್ಳೆಯದು ಮಾಡುತ್ತವೆ. ಸುಸ್ತು ಅಂದರೆ ಏನು ಅಂತ ಅವನಿಗೂ ಗೊತ್ತಾಗಲಿ ಬಿಡು.

ದೂರ ಇದ್ದರೆ ಪ್ರೀತಿ ಒಣಗುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಹಾಂಗ್‌ಕಾಂಗ್‌ನ ಕ್ರಿಸ್ಟಲ್ ಜಿಯಾಂಗ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದ ಜೆಫ್ರಿ ಹ್ಯಾನ್‌ಕಾಕ್ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೂರ ಇರುವ ಜೋಡಿಗಳನ್ನೂ ಒಂದೇ ಊರಲ್ಲಿರುವ ಜೋಡಿಗಳನ್ನೂ ಹೋಲಿಸಿದ ಅಧ್ಯಯನ. ದೂರದವರು ದಿನದಲ್ಲಿ ಮಾತಾಡುವುದು ಕಡಿಮೆ, ಆದರೆ ಆಡುವ ಮಾತಿನಲ್ಲಿ ಮನಸ್ಸು ಬಿಚ್ಚುವುದು ಜಾಸ್ತಿ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇದೆ. ಅವರು ಒಬ್ಬರನ್ನೊಬ್ಬರು ಇರುವುದಕ್ಕಿಂತ ಚೆನ್ನಾಗಿ ಕಲ್ಪಿಸಿಕೊಂಡಿರುತ್ತಾರೆ. ಇದು ಎರಡು ಅಲಗಿನ ಕತ್ತಿ, ರಜೆಯ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ರಜೆ ಮುಗಿಯುವ ಮೊದಲು ಒಂದು ದಿನ ಇಬ್ಬರೂ ಪೆನ್ನು ಹಾಳೆ ಹಿಡಿದು ಕೂರಿ. ಜುಲೈನಿಂದ ಟರ್ಮ್ ಮುಗಿಯುವವರೆಗಿನ ಕ್ಯಾಲೆಂಡರ್ ಬರೆಯಿರಿ. ನಿನ್ನ ಪರೀಕ್ಷೆ ಯಾವಾಗ, ಕ್ರಾಸ್‌ಕಂಟ್ರಿ ಮತ್ತು ಜೋಶ್ ರನ್ ತಯಾರಿ ಯಾವಾಗ ಜೋರಾಗುತ್ತದೆ, ಯಾವ ವಾರ ಫೋನ್ ಆಸೆಯೇ ಬೇಡ, ಎಲ್ಲ ಅಂದಾಜಿಗೆ ಗುರುತು ಹಾಕು. ನಾಲ್ಕನೇ ಟರ್ಮ್‌ನಲ್ಲಿ ರೋವರ್ಸ್ ಕ್ಯಾಂಪ್, ಐದರಲ್ಲಿ ತೋರಣಾ ಕ್ಯಾಂಪ್ ಇದೆ ಎಂದು ಈಗಲೇ ಹೇಳಿಡು. ಅವನೂ ತನ್ನ ಪರೀಕ್ಷೆ, ಇಂಟರ್ನ್‌ಶಿಪ್ ತಾರೀಖು ಬರೆಯಲಿ. ಒಂದು ಕಾಪಿ ಅವನ ರೂಮಿನ ಗೋಡೆಗೆ. ಇದು ಬಾಲಿಶ ಅನಿಸಬಹುದು. ಆದರೆ "ಈ ವಾರ ಫೋನ್ ಬರಲ್ಲ" ಎಂದು ಮೊದಲೇ ಗೊತ್ತಿರುವವನಿಗೂ, ರಾತ್ರಿ ಹನ್ನೊಂದರವರೆಗೆ ಫೋನ್ ನೋಡುತ್ತಾ ಕೂತವನಿಗೂ ಬಹಳ ವ್ಯತ್ಯಾಸ ಇದೆ.

ಫೋನಿಗೆ ಒಂದು ಒಪ್ಪಂದ ಮಾಡಿಕೊಳ್ಳಿ. ಬರಲಿಲ್ಲ ಅಂದರೆ ಬರಲಿಲ್ಲ ಅಷ್ಟೆ, ಅದಕ್ಕೆ ಬೇರೆ ಅರ್ಥ ಹುಡುಕುವಂತಿಲ್ಲ. ಮುಂದಿನ ಸಲ ಸಿಕ್ಕಾಗ "ಹೋದ ವಾರ ಯಾಕೆ ಮಾಡಲಿಲ್ಲ" ಎಂದು ಶುರು ಮಾಡುವಂತಿಲ್ಲ. ಮೊದಲ ಫೋನ್ ಅಮ್ಮನಿಗೇ ಮಾಡು. ಇದು ನೀತಿಪಾಠ ಅಲ್ಲ, ಉಪಾಯ. ಅಮ್ಮನಿಗೆ ಮಾಡದೆ ಇವನ ಜೊತೆ ಮಾತಾಡಿದರೆ ಇಪ್ಪತ್ತು ನಿಮಿಷವೂ ಗಡಿಯಾರ ನೋಡುತ್ತಾ ತಪ್ಪಿತಸ್ಥಳ ಹಾಗೆ ಮಾತಾಡುತ್ತೀಯ, ಅದು ಅವನಿಗೆ ಗೊತ್ತಾಗುತ್ತದೆ. ಜಗಳದ ವಿಷಯ ಇದ್ದರೆ ಫೋನಿನಲ್ಲಿ ಬೇಡ, ಕಾಗದದಲ್ಲಿ ಬರೆಯಲಿ. ಬರೆದು ಒಂದು ರಾತ್ರಿ ಇಟ್ಟುಕೊಂಡು ಆಮೇಲೆ ಡಬ್ಬಿಗೆ ಹಾಕಲಿ. ಅರ್ಧಕ್ಕರ್ಧ ಜಗಳ ಅಂಚೆ ಡಬ್ಬಿಯವರೆಗೆ ಹೋಗುವುದೇ ಇಲ್ಲ.

ಹೌದು, ಕಾಗದ. ನಗಬೇಡ. ಅಕಾಡೆಮಿಯ ಪಿನ್‌ಕೋಡ್ 411023. ಇನ್‌ಲ್ಯಾಂಡ್ ಲೆಟರ್‌ಗೆ ಈಗಲೂ ಎರಡೂವರೆ ರೂಪಾಯಿ. ಫೋನ್ ಸಿಗುವುದು ಅಕಾಡೆಮಿ ಅವಕಾಶ ಕೊಟ್ಟಾಗ, ಕಾಗದ ಓದುವುದು ನಿನಗೆ ಬಿಡುವಾದಾಗ. ಲೈಟ್ಸ್ ಔಟ್‌ಗೆ ಮೊದಲು ಸಿಗುವ ಐದು ನಿಮಿಷಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಅವನಿಗೆ ಏನು ಬರೆಯಬೇಕು ಎಂದು ಗೊತ್ತಾಗಲಿಕ್ಕಿಲ್ಲ. ದೊಡ್ಡ ಪ್ರೇಮಪತ್ರ ಬೇಕಿಲ್ಲ ಅಂತ ಹೇಳು. ಹುಬ್ಬಳ್ಳಿಯಲ್ಲಿ ಮಳೆ ಬಂತಾ, ಮೆಸ್ಸಿನಲ್ಲಿ ಯಾರು ಯಾರ ತಟ್ಟೆ ಕದ್ದರು, ಲೈನ್ ಬಜಾರಿನಲ್ಲಿ ಪೇಡೆ ತರಲು ಹೋದಾಗ ನಿಮ್ಮ ಪಿಯು ಲೆಕ್ಚರರ್ ಸಿಕ್ಕು ಏನಂದರು. ಇಂಥದ್ದೇ ಸಾಕು. ಕಾಗದ ಬೇರೆಯವರ ಕೈಗೂ ಸಿಗಬಹುದು ಎಂದುಕೊಂಡೇ ಬರೆಯಬೇಕು. ಹಾಸ್ಟೆಲ್ ಎಂದ ಮೇಲೆ ಅಷ್ಟು ಎಚ್ಚರ ಬೇಕೇ ಬೇಕು.

"ನೀನು ಬದಲಾಗಿದ್ದೀಯ" ಎನ್ನುವ ಮಾತಿಗೆ ನೀನು ಇಷ್ಟು ದಿನ ಏನು ಉತ್ತರ ಕೊಟ್ಟೆಯೋ ಗೊತ್ತಿಲ್ಲ. ಬಹುಶಃ "ಇಲ್ಲ, ಅದೇ ಹುಡುಗಿ" ಎಂದಿರಬೇಕು. ಹಾಗೆ ಹೇಳಬೇಡ. ಬದಲಾಗಿದ್ದೀಯ. ಒಂದು ವರ್ಷದ ಹಿಂದೆ ನೀನು ಐದು ಗಂಟೆಗೆ ಏಳುತ್ತಿರಲಿಲ್ಲ, ಎತ್ತರದ ಬೋರ್ಡಿನಿಂದ ನೀರಿಗೆ ಹಾರುತ್ತಿರಲಿಲ್ಲ, ಮಾತಿನ ಮಧ್ಯೆ ಮಸ್ಟರ್, ಡಿಎಸ್, ಡಿವ್ ಆಫೀಸರ್ ಎನ್ನುತ್ತಿರಲಿಲ್ಲ. ಅವನಿಗೆ ಆ ಮಾತುಗಳು ಅರ್ಥವಾಗಲ್ಲ, ಕೇಳಲು ಅವಮಾನ. ಹೊರಗಿನವನಾದೆ ಅನಿಸುತ್ತದೆ, ಆಗ ಅನುಮಾನ ಹುಟ್ಟುತ್ತದೆ. ಈ ರಜೆಯಲ್ಲಿ ಒಂದು ಸಂಜೆ ಕೆಲಗೇರಿ ಕೆರೆ ದಂಡೆ ಮೇಲೆ ಕೂತು ನಿನ್ನ ಒಂದು ಮಾಮೂಲಿ ಮಂಗಳವಾರವನ್ನು ಬೆಳಗ್ಗಿನಿಂದ ರಾತ್ರಿವರೆಗೆ ಹೇಳು. ಸಾಹಸದ ಕತೆ ಬೇಡ. ಒದ್ದೆ ಕ್ಯಾನ್ವಾಸ್ ಶೂ ಒಣಗಿಸುವುದು, ಸೈಕಲ್ ಪಂಚರ್ ಆದರೆ ಏನಾಗುತ್ತದೆ, ಕ್ಲಾಸಿನಲ್ಲಿ ನಿದ್ದೆ ಬಾರದ ಹಾಗೆ ಏನು ಮಾಡುತ್ತೀರಿ. ಬೇಸರದ ವಿವರಗಳಿಂದಲೇ ಅನುಮಾನ ಕಡಿಮೆಯಾಗುವುದು.

ಆಮೇಲೆ ಅವನದನ್ನೂ ಕೇಳು. ಕೆಡೆಟ್‌ಗಳಿಗೆ ಒಂದು ಚಟ ಇರುತ್ತದೆ, ತಮ್ಮ ಕಷ್ಟವೇ ಕಷ್ಟ ಎಂದುಕೊಳ್ಳುತ್ತಾರೆ. ಅವನ ಬ್ಯಾಕ್‌ಲಾಗ್ ಕೂಡ ಅವನಿಗೆ ಸಿಂಹಗಡವೇ.

ಆದರೆ ಒಂದು ಗೆರೆ ಹಾಕಿಕೋ. "ಯಾರೋ ಸಿಕ್ಕಿರಬೇಕು" ಎಂದು ಬೇಜಾರಿನಲ್ಲಿ ಅಂದಿದ್ದರೆ ಕ್ಷಮಿಸಬಹುದು, 20 ವರ್ಷದ ಹುಡುಗ. ಪಾಸ್‌ವರ್ಡ್ ಕೊಡು, ಚಾಟ್ ತೋರಿಸು, ಸ್ಕ್ವಾಡ್ರನ್‌ನ ಹುಡುಗರ ಜೊತೆ ಮಾತಾಡಬೇಡ ಎನ್ನಲು ಶುರು ಮಾಡಿದರೆ ಆಗ ನೀನು ಕೇಳಬೇಕಾದ ಪ್ರಶ್ನೆಯೇ ಬೇರೆ. ಜೊತೆಗೆ ಓಡುವವರ ಜೊತೆ ಮಾತಾಡದೆ ಸೈನ್ಯದಲ್ಲಿ ಬದುಕಲು ಆಗಲ್ಲ. ಅದನ್ನು ಒಪ್ಪದವನ ಜೊತೆ ಮುಂದೆ ಲೇಹ್‌ನಲ್ಲೋ ತೇಜ್‌ಪುರದಲ್ಲೋ ಪೋಸ್ಟಿಂಗ್ ಆದಾಗ ಏನು ಮಾಡುತ್ತೀಯ?

ರಜೆಯ ಬಗ್ಗೆ. ಐದು ತಿಂಗಳು ಕಾದು ಸಿಗುವ ಒಂದು ತಿಂಗಳು ಸ್ವರ್ಗದ ಹಾಗಿರುತ್ತದೆ ಎಂದು ಇಬ್ಬರೂ ಅಂದುಕೊಂಡಿರುತ್ತೀರಿ. ಮೂರನೇ ದಿನಕ್ಕೆ ಜಗಳ. ನಿಮ್ಮದು ಮಾತ್ರ ಹೀಗೆ ಎಂದುಕೊಳ್ಳಬೇಡ. ಅಮೆರಿಕದಲ್ಲಿ ಲಾರಾ ಸ್ಟಾಫರ್ಡ್ ಮತ್ತು ಅವರ ಜೊತೆಯವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರವಿದ್ದು ಆಮೇಲೆ ಒಂದೇ ಊರಿಗೆ ಬಂದ ಜೋಡಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಜೋಡಿ ಮೂರೇ ತಿಂಗಳಲ್ಲಿ ಬೇರೆಯಾಗಿತ್ತು. ದೂರದಲ್ಲಿದ್ದಾಗ ಮನಸ್ಸಿನಲ್ಲಿ ಕಟ್ಟಿಕೊಂಡ ಮನುಷ್ಯ ಬೇರೆ, ಎದುರು ಕೂತು ಬಾಯಿ ಚಪ್ಪರಿಸುತ್ತಾ ಗಿರಮಿಟ್ ತಿನ್ನುವವನು ಬೇರೆ. ಹಿಂಜವಡಿ ಬೇಡ ಎಂದು ನಾನು ಹೇಳಲು ಇದೂ ಒಂದು ಕಾರಣ. ರಜೆಯ ಮೊದಲ ವಾರ ನಿದ್ದೆ ಮಾಡು, ಅಮ್ಮನ ಕೈಯ ರೊಟ್ಟಿ ತಿನ್ನು. ಅವನನ್ನು ದಿನಾ ನೋಡಲೇಬೇಕು ಎಂಬ ನಿಯಮ ಬೇಡ. ಈಗ ಉಳಿದಿರುವ ದಿನಗಳಿಗಾದರೂ ಹೀಗೆ ಮಾಡು.

ಇನ್ನೆರಡು ಅಪಾಯಗಳಿವೆ. ಇವನ್ನು ಲಘುವಾಗಿ ತೆಗೆದುಕೊಳ್ಳಬೇಡ. ಒಂದು, ಸುಳ್ಳು. ಅವನನ್ನು ಕಸಿನ್ ಎಂದು ಹೇಳಿ ಅಕಾಡೆಮಿಯಲ್ಲಿ ಭೇಟಿ ಮಾಡುವುದು, ಅವನ ರೂಮ್‌ಮೇಟ್‌ನ ಅಪ್ಪನನ್ನು ಲೋಕಲ್ ಗಾರ್ಡಿಯನ್ ಮಾಡುವುದು, ಅನುಮತಿ ಇಲ್ಲದೆ ಗೇಟು ದಾಟುವುದು. ಇಂಥ ಐಡಿಯಾ ಕೊಡುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ಬೇರೆ ಕಾಲೇಜಿನಲ್ಲಿ ಸಿಕ್ಕಿಬಿದ್ದರೆ ಬೈಗುಳ ಸಿಗುತ್ತದೆ, ನಿಮ್ಮ ಅಕಾಡೆಮಿಯಲ್ಲಿ ಸುಳ್ಳು ಹೇಳಿದ್ದು ಗೊತ್ತಾದರೆ ಒಂದು ಟರ್ಮ್ ಹಿಂದಕ್ಕೆ ತಳ್ಳುತ್ತಾರೆ, ಅದಕ್ಕಿಂತ ದೊಡ್ಡದೂ ಆಗಬಹುದು. ನಿಮ್ಮ ಅಕಾಡೆಮಿಗೆ ಹುಡುಗಿಯರನ್ನು ಮೊದಲು ಸೇರಿಸಿಕೊಂಡದ್ದೇ 2022ರಲ್ಲಿ, 19 ಜನ. ಆ ಮೊದಲ ತಂಡದ 17 ಜನ ಓದು ಮುಗಿಸಿ ಖೇತರ್‌ಪಾಲ್ ಪರೇಡ್ ಮೈದಾನದಿಂದ ಹೊರನಡೆದದ್ದು 2025ರ ಮೇ 30ರಂದು. ಇನ್ನೂ ಹೊಸದು. ಹುಡುಗ ಮಾಡಿದರೆ ಅವನೊಬ್ಬನ ತಪ್ಪು, ಹುಡುಗಿ ಮಾಡಿದರೆ "ನೋಡಿ, ಹುಡುಗಿಯರನ್ನು ತೆಗೆದುಕೊಂಡರೆ ಹೀಗೇ" ಎನ್ನುವವರು ಇದ್ದಾರೆ. ಅನ್ಯಾಯವೇ ಸರಿ, ಆದರೆ ಸದ್ಯಕ್ಕೆ ಇರುವುದು ಹಾಗೆ.

ಇನ್ನೊಂದು, ಫೋಟೋ. ಹೆಮ್ಮೆಯಿಂದ ನಿನ್ನ ಯೂನಿಫಾರ್ಮ್ ಫೋಟೋ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾನೆ, ಕೆಳಗೆ ಸ್ಕ್ವಾಡ್ರನ್ ಹೆಸರು, ಲೊಕೇಶನ್. ಬೇಡ ಎನ್ನು. 2020ರ ಜುಲೈನಲ್ಲಿ ಸೇನೆ ತನ್ನವರಿಗೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಹೇಳಿತ್ತು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೂಡ ಅದರಲ್ಲಿದ್ದವು. ನಿಯಮ ಆಗಾಗ ಬದಲಾಗುತ್ತದೆ, ಕಾರಣ ಬದಲಾಗಿಲ್ಲ. ಹುಡುಗನ ಅಕೌಂಟ್ ಮೂಲಕ ಹುಡುಗಿಯನ್ನು ಹುಡುಕಿ ಬರುವ ಅಪರಿಚಿತರಿಗೆ ಕೊರತೆ ಇಲ್ಲ.

ಇಷ್ಟೆಲ್ಲ ಮಾಡಿಯೂ ಆಗದೇ ಇರಬಹುದು. ಡಿಸೆಂಬರ್ ರಜೆಯವರೆಗೆ ನೋಡು. ಆಗಲೂ ಪ್ರತಿ ಫೋನಿನ ನಂತರ ನೀನು ಅಳುತ್ತಿದ್ದರೆ, ಅವನು ಬೆಂಗಳೂರಿನಲ್ಲಿ ಕೂತೂ ನಿನ್ನ ಮೇಲೆ ಸಿಟ್ಟಾಗಿದ್ದರೆ, ಬಿಡುವುದು ಸೋಲಲ್ಲ. ಒಂದೇ ಕೋರಿಕೆ, ಬಿಡುವ ಮಾತನ್ನು ಟರ್ಮ್ ಮಧ್ಯೆ ಫೋನಿನಲ್ಲಿ ಆಡಬೇಡಿ. ರಜೆಯಲ್ಲಿ ಎದುರಾಎದುರು ಕೂತು ಆಡಿ. ನಿನಗೂ ಆಮೇಲೆ ಅಮ್ಮನ ಮಡಿಲು ಇರುತ್ತದೆ, ಮರುದಿನ ಬೆಳಗ್ಗೆ ಪಿಟಿ ಇರಲ್ಲ. ಅಕಾಡೆಮಿಯಲ್ಲಿರುವಾಗಲೇ ಊಟ ಸೇರದೆ, ನಿದ್ದೆ ಬಾರದೆ ವಾರಗಟ್ಟಲೆ ಕಳೆದರೆ ಡಿವಿಷನಲ್ ಆಫೀಸರ್‌ಗೆ ಹೇಳು, ಅದಕ್ಕೇ ಅವರಿರುವುದು. ಪ್ರೀತಿ ವಿಷಯ ಹೇಳಬೇಕಿಲ್ಲ, ನಿದ್ದೆ ಬರುತ್ತಿಲ್ಲ ಎಂದರೂ ಸಾಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಸೇನೆಯವರಿಗೆಂದೇ ಅದರ ಒಂದು ಘಟಕ 2023ರ ಡಿಸೆಂಬರ್‌ನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲೇ ಶುರುವಾಗಿದೆ. ಅವನಿಗೂ ಈ ನಂಬರ್ ಕೊಟ್ಟಿರು.

ಮನೆಯಲ್ಲಿ ಈಗಲೇ ಹೇಳಬೇಕಾ ಎಂದು ನೀನು ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಇರುತ್ತದೆ. ಅಪ್ಪನಿಗೆ ಹೇಳಲು ಅವಸರವಿಲ್ಲ, ಮದುವೆಗೆ ಇನ್ನೂ ಮೂರು ವರ್ಷ ಇದೆ. ಅಕ್ಕನೋ ಚಿಕ್ಕಮ್ಮನೋ, ಬಾಯಿ ಗಟ್ಟಿ ಇರುವ ಒಬ್ಬರಿಗೆ ಹೇಳಿಡು. ಜುಲೈನಲ್ಲಿ ನೀನು ಹೊರಡುವ ದಿನ ಅವನು ಪುಣೆಯವರೆಗೆ ಬಿಡಲು ಬರುತ್ತೇನೆ ಎನ್ನಬಹುದು. ವಂದೇ ಭಾರತ್ ರೈಲು ಬೆಳಗ್ಗೆ ಹುಬ್ಬಳ್ಳಿ ಬಿಟ್ಟು ಧಾರವಾಡ, ಬೆಳಗಾವಿ ಮೇಲಿಂದ ಮಧ್ಯಾಹ್ನ ಪುಣೆ ಸೇರುತ್ತದೆ, ಆದರೆ ದಿನಾ ಇರಲ್ಲ. ಅಪ್ಪ ಅಮ್ಮ ಬರುವುದಿದ್ದರೆ ಅವನು ಬೇರೆ ಬೋಗಿಯಲ್ಲಿ ಕೂರುವ ಸಿನಿಮಾ ಎಲ್ಲ ಬೇಡ, ಧಾರವಾಡದಲ್ಲೇ ಹಿಂದಿನ ದಿನ ಬೀಳ್ಕೊಡಲಿ. ಅದಕ್ಕೂ ಮೊದಲು, ಈ ವಾರವೇ, ಬೆಂಗಳೂರಿನ ಕಂಪನಿಗೆ ಒಪ್ಪಿಗೆ ಕಳಿಸು ಎಂದು ಅವನಿಗೆ ಹೇಳು. ಇಂಟರ್ನ್‌ಶಿಪ್ ಸೀಟು ಯಾರಿಗೂ ಜುಲೈವರೆಗೆ ಕಾಯಲ್ಲ.